ರಕ್ತದ ಗುಂಪು: ವರದಿ ಓದುವುದರಿಂದ ರಕ್ತ ಏರಿಸುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ನಿಮ್ಮ ರಕ್ತದ ಗುಂಪು ಯಾವುದು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸದೆ ಉತ್ತರ ಕೊಡುತ್ತಾರೆ. ಅದು ಹೇಗೆ ಗೊತ್ತು ಎಂದು ಮುಂದುವರಿದು ಕೇಳಿದಾಗ ಮಾತ್ರ ಶಾಲೆಯಲ್ಲಿ ಎಂದೋ ನಡೆದ ಶಿಬಿರ, ಡ್ರೈವಿಂಗ್ ಲೈಸೆನ್ಸ್ ಅರ್ಜಿಯಲ್ಲಿ ತಾವೇ ತುಂಬಿದ ಅಕ್ಷರ, ಇಲ್ಲವೇ ‘ಅಪ್ಪನದು ಬಿ ಪಾಸಿಟಿವ್, ನನ್ನದೂ ಅದೇ ಇರಬೇಕು’ ಎಂಬ ಊಹೆ ಹೊರಬರುತ್ತದೆ. ಇಂತಹ ಮಾತನ್ನು ನಂಬಿ ಯಾವ ರಕ್ತನಿಧಿಯೂ ಒಂದು ಯೂನಿಟ್ ರಕ್ತವನ್ನು ಹೊರಗೆ ಕೊಡುವುದಿಲ್ಲ, ಕೊಡಲೂಬಾರದು. ಗುಂಪು ತಿಳಿದಿರುವುದು ಬೇರೆ, ಆ ಗುಂಪಿನ ಅರ್ಥ ತಿಳಿದಿರುವುದು ಬೇರೆ. ಮನೆಯಲ್ಲಿ ಗರ್ಭಿಣಿ ಇದ್ದಾಗ, ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದಾಗ ಅಥವಾ ರಾತ್ರೋರಾತ್ರಿ ರಕ್ತ ಹೊಂದಿಸಬೇಕಾಗಿ ಬಂದಾಗ ಕೆಲಸಕ್ಕೆ ಬರುವುದು ಎರಡನೆಯದು. ಅದನ್ನು ಹಂತ ಹಂತವಾಗಿ ವಿವರಿಸುವುದು ಈ ಬರಹದ ಉದ್ದೇಶ.

ಮೊದಲ ಹಂತ: ಅಕ್ಷರವೂ ಚಿಹ್ನೆಯೂ ಏನು ಹೇಳುತ್ತವೆ ಎಂದು ತಿಳಿಯುವುದು

ಕೆಂಪು ರಕ್ತಕಣದ ಹೊರಮೈಯಲ್ಲಿ ಸಕ್ಕರೆ ಮತ್ತು ಪ್ರೋಟೀನುಗಳಿಂದಾದ ಅನೇಕ ರಚನೆಗಳಿರುತ್ತವೆ. ಬೇರೊಬ್ಬರ ದೇಹ ಇವುಗಳನ್ನು ಪರಕೀಯವೆಂದು ಗುರುತಿಸಿ ಪ್ರತಿರೋಧ ಒಡ್ಡಬಲ್ಲುದಾದ್ದರಿಂದ ಇವುಗಳಿಗೆ ಪ್ರತಿಜನಕಗಳೆಂದು ಹೆಸರು. ಎ, ಬಿ, ಎಬಿ, ಒ ಎಂಬ ನಾಲ್ಕು ಗುಂಪುಗಳ ತಳಹದಿಯಲ್ಲಿ ಎಚ್ ಎಂಬ ಒಂದು ರಚನೆ ಇದೆ. ಅದರ ತುದಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆಯ ಅಣು ಸೇರಿದರೆ ಎ ಪ್ರತಿಜನಕವಾಗುತ್ತದೆ, ಗ್ಯಾಲಕ್ಟೋಸ್ ಸೇರಿದರೆ ಬಿ ಪ್ರತಿಜನಕವಾಗುತ್ತದೆ. ಎರಡೂ ಇರುವವರು ಎಬಿ ಗುಂಪಿನವರು. ಎರಡೂ ಸೇರದೆ ಎಚ್ ಹಾಗೆಯೇ ಉಳಿದವರು ಒ ಗುಂಪಿನವರು. ಜೀವ ಉಳಿಸುವ ರಕ್ತಕ್ಕೂ ಜೀವ ತೆಗೆಯುವ ರಕ್ತಕ್ಕೂ ನಡುವಿನ ವ್ಯತ್ಯಾಸ ಒಂದು ಸಕ್ಕರೆಯ ಅಣುವಿನಷ್ಟು ಮಾತ್ರ ಎಂಬುದು ಯೋಚಿಸಿದಷ್ಟೂ ಅಚ್ಚರಿ ಹುಟ್ಟಿಸುವ ಸಂಗತಿ.

ಇದು ಕಣದ ಮಾತಾಯಿತು. ಕಣಗಳು ತೇಲುವ ಪ್ಲಾಸ್ಮಾದಲ್ಲಿ ಇದಕ್ಕೆ ವಿರುದ್ಧವಾದ ಲೆಕ್ಕವಿದೆ. ತನ್ನ ಕಣಗಳ ಮೇಲೆ ಯಾವ ಪ್ರತಿಜನಕ ಇಲ್ಲವೋ ಅದರ ವಿರುದ್ಧದ ಪ್ರತಿಕಾಯ, ಅಂದರೆ ಅದನ್ನು ಗುರುತಿಸಿ ಎದುರಿಸುವ ಪ್ರೋಟೀನು, ಪ್ಲಾಸ್ಮಾದಲ್ಲಿ ಇರುತ್ತದೆ: ಎ ಗುಂಪಿನವರಲ್ಲಿ ಬಿ ವಿರುದ್ಧ, ಬಿ ಗುಂಪಿನವರಲ್ಲಿ ಎ ವಿರುದ್ಧ, ಒ ಗುಂಪಿನವರಲ್ಲಿ ಎರಡರ ವಿರುದ್ಧ, ಎಬಿ ಗುಂಪಿನವರಲ್ಲಿ ಮಾತ್ರ ಯಾವುದೂ ಇಲ್ಲ. ಒಮ್ಮೆಯೂ ರಕ್ತ ಪಡೆಯದವರಲ್ಲಿಯೂ ಈ ಪ್ರತಿಕಾಯಗಳು ಇರುತ್ತವೆ. ನಮ್ಮ ಕರುಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ಹೊರಮೈಯಲ್ಲಿಯೂ ಎ ಮತ್ತು ಬಿ ಹೋಲುವ ಸಕ್ಕರೆಗಳಿದ್ದು, ಮಗುವಿನ ದೇಹ ಅವುಗಳಿಗೆ ಪ್ರತಿಯಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಈ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಹೀಗಾಗಿ ತಪ್ಪು ಗುಂಪಿನ ರಕ್ತ ಮೊದಲ ಬಾರಿಗೇ ಅಪಾಯ ತರುತ್ತದೆ. ಎರಡನೆಯ ಬಾರಿಗಾಗಿ ಅದು ಕಾಯುವುದಿಲ್ಲ.

ಪಾಸಿಟಿವ್, ನೆಗೆಟಿವ್ ಎಂಬ ಚಿಹ್ನೆ ಆರ್‌ಎಚ್ ವ್ಯವಸ್ಥೆಯ ಡಿ ಎಂಬ ಒಂದೇ ಪ್ರತಿಜನಕಕ್ಕೆ ಸಂಬಂಧಿಸಿದ್ದು. ಡಿ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಇಲ್ಲಿ ನಡೆಯುವ ಕ್ರಮ ಬೇರೆ. ನೆಗೆಟಿವ್ ಗುಂಪಿನವರ ದೇಹದಲ್ಲಿ ಡಿ ವಿರುದ್ಧದ ಪ್ರತಿಕಾಯ ತಾನಾಗಿ ಹುಟ್ಟುವುದಿಲ್ಲ. ಪಾಸಿಟಿವ್ ಕಣಗಳು ರಕ್ತ ವರ್ಗಾವಣೆಯ ಮೂಲಕವೋ ಗರ್ಭದ ಮೂಲಕವೋ ಒಳಗೆ ಸೇರಿದ ಮೇಲೆ ಮಾತ್ರ ಹುಟ್ಟುತ್ತದೆ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಗರ್ಭಿಣಿಯರ ಬಗ್ಗೆ ಬರುವ ವಿಷಯ ಸುಲಭವಾಗಿ ಅರ್ಥವಾಗುತ್ತದೆ.

ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತು ಸಹೋದ್ಯೋಗಿಗಳ ರಕ್ತದ ಕಣಗಳನ್ನು ಒಬ್ಬರ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ) ಇನ್ನೊಬ್ಬರದಾಗಿ ಬೆರೆಸಿ ನೋಡಿ 1901ರಲ್ಲಿ ಮೂರು ಗುಂಪುಗಳನ್ನು ವಿವರಿಸಿದರು. ಎಬಿ ಗುಂಪನ್ನು ಮರುವರ್ಷ ಬೇರೆ ಸಂಶೋಧಕರು ಸೇರಿಸಿದರು. ಲ್ಯಾಂಡ್‌ಸ್ಟೈನರ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ. ಅವರ ಜನ್ಮದಿನವಾದ ಜೂನ್ 14 ಇಂದು ವಿಶ್ವ ರಕ್ತದಾನಿಗಳ ದಿನ.

ಎರಡನೆಯ ಹಂತ: ಪರೀಕ್ಷೆ ಹೇಗೆ ನಡೆಯುತ್ತದೆ, ವರದಿಯಲ್ಲಿ ಏನು ನೋಡಬೇಕು

ಸಣ್ಣ ಪ್ರಯೋಗಾಲಯಗಳಲ್ಲಿ ಮತ್ತು ಶಿಬಿರಗಳಲ್ಲಿ ಕಾಣುವುದು ಸ್ಲೈಡ್ ಪರೀಕ್ಷೆ. ಗಾಜಿನ ಅಥವಾ ಪಿಂಗಾಣಿಯ ಹಾಳೆಯ ಮೇಲೆ ರಕ್ತದ ಮೂರು ಹನಿಗಳನ್ನಿಟ್ಟು ಒಂದಕ್ಕೆ ನೀಲಿ ಬಣ್ಣದ ಆ್ಯಂಟಿ-ಎ, ಇನ್ನೊಂದಕ್ಕೆ ಹಳದಿ ಬಣ್ಣದ ಆ್ಯಂಟಿ-ಬಿ, ಮೂರನೆಯದಕ್ಕೆ ಬಣ್ಣವಿಲ್ಲದ ಆ್ಯಂಟಿ-ಡಿ ದ್ರಾವಣವನ್ನು ಬೆರೆಸುತ್ತಾರೆ. ಪ್ರತಿಜನಕವಿದ್ದ ಕಡೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಂಪು ಕಾಳುಗಳಂತೆ ಗುಂಪುಗೂಡುತ್ತವೆ, ಇಲ್ಲದ ಕಡೆ ಹನಿ ಸಮವಾಗಿ ಉಳಿಯುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದು ಅರ್ಧ ಪರೀಕ್ಷೆ. ಇದನ್ನು ಫಾರ್ವರ್ಡ್ ಗ್ರೂಪಿಂಗ್ ಎನ್ನುತ್ತಾರೆ. ಕಣದ ಮೇಲೆ ಏನಿದೆ ಎಂಬುದನ್ನಷ್ಟೇ ಇದು ತಿಳಿಸುತ್ತದೆ. ರಕ್ತನಿಧಿಗಳಲ್ಲಿ ಇದರ ಜೊತೆಗೆ ರಿವರ್ಸ್ ಗ್ರೂಪಿಂಗ್ ನಡೆಯುತ್ತದೆ. ಅಂದರೆ ನಿಮ್ಮ ಪ್ಲಾಸ್ಮಾವನ್ನು ಮೊದಲೇ ಗುಂಪು ತಿಳಿದಿರುವ ಎ, ಬಿ ಮತ್ತು ಒ ಕಣಗಳೊಂದಿಗೆ ಟ್ಯೂಬ್‌ನಲ್ಲಿಯೋ ಜೆಲ್ ಕಾರ್ಡ್‌ನಲ್ಲಿಯೋ ಬೆರೆಸಿ, ಅದರಲ್ಲಿ ಯಾವ ಪ್ರತಿಕಾಯಗಳಿವೆ ಎಂದು ನೋಡುತ್ತಾರೆ. ಎರಡೂ ಫಲಿತಾಂಶಗಳು ಒಂದನ್ನೊಂದು ಸಮರ್ಥಿಸಿದರೆ ಮಾತ್ರ ಗುಂಪು ಖಚಿತ. ಒಂದು ಬೆಟ್ಟು ತೋರಿಸಿದ ಕಡೆಗೆ ಇನ್ನೊಂದು ತೋರಿಸದಿದ್ದರೆ ಅದಕ್ಕೆ ಕಾರಣ ಹುಡುಕುವವರೆಗೆ ಗುಂಪನ್ನು ಘೋಷಿಸುವುದಿಲ್ಲ. ವರದಿಯಲ್ಲಿ ಈ ಎರಡೂ ವಿಧಾನಗಳ ಉಲ್ಲೇಖವಿದೆಯೇ ಎಂದು ನೋಡುವ ಅಭ್ಯಾಸ ಒಳ್ಳೆಯದು. ಶಿಬಿರದಲ್ಲಿ ಕೊಟ್ಟ ಚೀಟಿಯನ್ನು ತಾತ್ಕಾಲಿಕ ಮಾಹಿತಿ ಎಂದೇ ಭಾವಿಸಬೇಕು.

ವರದಿಯಲ್ಲಿ ಗೊಂದಲ ಹುಟ್ಟಿಸುವ ಎರಡು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನವಜಾತ ಶಿಶುವಿನ ಪ್ಲಾಸ್ಮಾದಲ್ಲಿ ಸ್ವಂತ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ, ಕಣಗಳ ಮೇಲಿನ ಎ ಮತ್ತು ಬಿ ಕೂಡ ದುರ್ಬಲವಾಗಿರುತ್ತವೆ. ಆದ್ದರಿಂದ ಹುಟ್ಟಿದಾಗ ಬರೆದ ಗುಂಪನ್ನು ಮಗು ದೊಡ್ಡದಾದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ ದೃಢಪಡಿಸಿಕೊಳ್ಳಬೇಕು. ಇನ್ನೊಂದು, ‘ವೀಕ್ ಡಿ’ ಎಂಬ ಒಕ್ಕಣೆ. ಕೆಲವರಲ್ಲಿ ಡಿ ಪ್ರತಿಜನಕ ಇದ್ದೂ ಬಹಳ ಕ್ಷೀಣವಾಗಿರುತ್ತದೆ. ಅಂಥವರು ರಕ್ತ ಕೊಡುವಾಗ ಅವರನ್ನು ಪಾಸಿಟಿವ್ ಎಂದೂ, ಪಡೆಯುವಾಗ ಎಚ್ಚರಿಕೆಗಾಗಿ ನೆಗೆಟಿವ್ ಎಂದೂ ಪರಿಗಣಿಸುವ ರೂಢಿ ಇದೆ. ಒಬ್ಬರೇ ವ್ಯಕ್ತಿಗೆ ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್ ಎಂಬ ವರದಿಗಳು ಬಂದಾಗ ಪ್ರಯೋಗಾಲಯದ ತಪ್ಪೆಂದು ಜಗಳಕ್ಕೆ ಹೋಗುವ ಮೊದಲು ಈ ಸಾಧ್ಯತೆಯನ್ನು ವೈದ್ಯರಲ್ಲಿ ಕೇಳಬೇಕು.

ಮೂರನೆಯ ಹಂತ: ಯಾರ ರಕ್ತ ಯಾರಿಗೆ

ಕೆಂಪುಕಣಗಳ ಮಟ್ಟಿಗೆ ನಿಯಮ ಸರಳ: ಪಡೆಯುವವರ ಪ್ಲಾಸ್ಮಾದಲ್ಲಿ ಯಾವುದರ ವಿರುದ್ಧ ಪ್ರತಿಕಾಯವಿದೆಯೋ ಅದು ಕೊಡುವವರ ಕಣದ ಮೇಲೆ ಇರಬಾರದು. ಹಾಗಾಗಿ ಒ ಗುಂಪಿನವರು ಒ ಗುಂಪಿನ ಕಣಗಳನ್ನು ಮಾತ್ರ ಪಡೆಯಬಲ್ಲರು; ಎ ಗುಂಪಿನವರು ಎ ಮತ್ತು ಒ; ಬಿ ಗುಂಪಿನವರು ಬಿ ಮತ್ತು ಒ; ಎಬಿ ಗುಂಪಿನವರು ಯಾವುದನ್ನಾದರೂ. ನೆಗೆಟಿವ್ ಇರುವವರಿಗೆ ನೆಗೆಟಿವ್ ರಕ್ತವನ್ನೇ ಕೊಡಲು ಪ್ರಯತ್ನಿಸುತ್ತಾರೆ. ಪಾಸಿಟಿವ್ ಇರುವವರು ಎರಡನ್ನೂ ಪಡೆಯಬಹುದು.

ಒ ನೆಗೆಟಿವ್ ‘ಸಾರ್ವತ್ರಿಕ ದಾನಿ’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಆದರೆ ಅದು ಪ್ಲಾಸ್ಮಾವನ್ನು ಬಹುಪಾಲು ತೆಗೆದ ಕೆಂಪುಕಣಗಳಿಗೆ, ಅದೂ ತುರ್ತು ಸಂದರ್ಭಕ್ಕೆ ಅನ್ವಯಿಸುವ ಮಾತು. ಪ್ಲಾಸ್ಮಾ ಕೊಡುವಾಗ ಲೆಕ್ಕ ತಲೆಕೆಳಗಾಗುತ್ತದೆ: ಒ ಗುಂಪಿನ ಪ್ಲಾಸ್ಮಾದಲ್ಲಿ ಎರಡೂ ಪ್ರತಿಕಾಯಗಳಿರುವುದರಿಂದ ಅದನ್ನು ಒ ಗುಂಪಿನವರಿಗೆ ಮಾತ್ರ ಕೊಡಬಹುದು, ಪ್ರತಿಕಾಯಗಳೇ ಇಲ್ಲದ ಎಬಿ ಗುಂಪಿನ ಪ್ಲಾಸ್ಮಾವನ್ನು ಎಲ್ಲರಿಗೂ ಕೊಡಬಹುದು. ಭಾರತದಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಯುರೋಪ್ ಮೂಲದವರಲ್ಲಿ ಇದು ಸುಮಾರು 15. ಆದ್ದರಿಂದ ನಮ್ಮಲ್ಲಿ ಒ ನೆಗೆಟಿವ್ ರಕ್ತವನ್ನು ಕೈಬಿಚ್ಚಿ ಬಳಸುವಂತಿಲ್ಲ. ಅಪಘಾತದಲ್ಲಿ ಬಂದ ಗಂಡಸಿಗೆ ಗುಂಪು ತಿಳಿಯುವ ಮೊದಲೇ ರಕ್ತ ಬೇಕಾದರೆ ಒ ಪಾಸಿಟಿವ್ ಕೊಟ್ಟು, ಒ ನೆಗೆಟಿವ್ ಅನ್ನು ಮುಂದೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗಾಗಿ ಕಾಯ್ದಿಡುವುದು ವಿವೇಕದ ಕ್ರಮ.

ಡೆಂಗಿ ಕಾಲದಲ್ಲಿ ಎಲ್ಲೆಡೆ ಪ್ಲೇಟ್‌ಲೆಟ್‌ಗಾಗಿ ಓಡಾಟ ನಡೆಯುತ್ತದೆ. ಪ್ಲೇಟ್‌ಲೆಟ್‌ಗೆ ಅದೇ ಗುಂಪಿನದು ಸಿಕ್ಕರೆ ಉತ್ತಮ, ಆದರೆ ಕೆಂಪುಕಣಗಳಷ್ಟು ಕಟ್ಟುನಿಟ್ಟು ಇಲ್ಲಿಲ್ಲ. ಬೇರೆ ಗುಂಪಿನದನ್ನು ಕೊಡಲು ವೈದ್ಯರು ನಿರ್ಧರಿಸಿದರೆ ಗಾಬರಿಯಾಗಬೇಕಿಲ್ಲ. ಮೂತ್ರಪಿಂಡ, ಯಕೃತ್ತಿನಂತಹ ಅಂಗಗಳ ಕಸಿಗೆ ಎಬಿಒ ಹೊಂದಾಣಿಕೆ ಮುಖ್ಯ, ಆರ್‌ಎಚ್ ಚಿಹ್ನೆ ಅಷ್ಟಾಗಿ ಲೆಕ್ಕಕ್ಕಿಲ್ಲ.

ನಾಲ್ಕನೆಯ ಹಂತ: ತಂದೆ ತಾಯಿಯ ಗುಂಪಿನಿಂದ ಮಗುವಿನದನ್ನು ಅಳೆಯುವುದು

ಎಬಿಒ ಗುಂಪನ್ನು ನಿರ್ಧರಿಸುವ ವಂಶವಾಹಿ ಒಂಬತ್ತನೆಯ ವರ್ಣತಂತುವಿನಲ್ಲಿದೆ. ಪ್ರತಿಯೊಬ್ಬರಿಗೂ ಅದರ ಎರಡು ಪ್ರತಿಗಳಿದ್ದು, ಒಂದು ತಂದೆಯಿಂದ ಇನ್ನೊಂದು ತಾಯಿಯಿಂದ ಬಂದಿರುತ್ತದೆ. ಎ ಮತ್ತು ಬಿ ಎರಡೂ ಸಮಾನವಾಗಿ ಪ್ರಕಟವಾಗುತ್ತವೆ, ಒ ಅವುಗಳ ಎದುರು ಅಡಗಿರುತ್ತದೆ. ಎ ಗುಂಪಿನ ತಂದೆಯೊಳಗೂ ಬಿ ಗುಂಪಿನ ತಾಯಿಯೊಳಗೂ ಒಂದೊಂದು ಒ ಅಡಗಿದ್ದರೆ ಅವರ ಮಕ್ಕಳು ನಾಲ್ಕರಲ್ಲಿ ಯಾವ ಗುಂಪಿನವರಾದರೂ ಆಗಬಹುದು. ಒಬ್ಬರು ಎಬಿ, ಇನ್ನೊಬ್ಬರು ಒ ಆಗಿದ್ದರೆ ಮಕ್ಕಳು ಎ ಅಥವಾ ಬಿ ಆಗುತ್ತಾರೆ. ಅಂದರೆ ಮಗುವಿನ ಗುಂಪು ತಂದೆತಾಯಿ ಇಬ್ಬರದಕ್ಕಿಂತಲೂ ಬೇರೆ. ಇಬ್ಬರೂ ಪಾಸಿಟಿವ್ ಆಗಿದ್ದು ಮಗು ನೆಗೆಟಿವ್ ಆಗುವುದೂ ಸಾಧ್ಯ.

ಇಷ್ಟನ್ನು ತಿಳಿಯದೆ ಮಗುವಿನ ವರದಿ ಹಿಡಿದು ಮನೆಯೊಳಗೆ ಅನುಮಾನದ ಮಾತು ಎತ್ತುವವರಿದ್ದಾರೆ. ರಕ್ತದ ಗುಂಪು ಪಿತೃತ್ವದ ಪರೀಕ್ಷೆಯಲ್ಲ. ಲೆಕ್ಕಕ್ಕೆ ಹೊಂದದಂತೆ ಕಾಣುವ ಫಲಿತಾಂಶಕ್ಕೂ ಪರೀಕ್ಷೆಯ ದೋಷ ಅಥವಾ ಮುಂದೆ ಹೇಳುವಂತಹ ಅಪರೂಪದ ಗುಂಪು ಕಾರಣವಾಗಿರಬಹುದು.

ಜಾತಕದ ಜೊತೆಗೆ ರಕ್ತದ ಗುಂಪನ್ನೂ ಕೇಳುವ ಕಾಲ ಬಂದಿದೆ. ಗಂಡಹೆಂಡತಿಯ ಗುಂಪು ಒಂದೇ ಆಗಿದ್ದರೆ ಮಕ್ಕಳಿಗೆ ತೊಂದರೆ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ. ರಕ್ತದ ಗುಂಪು ಒಂದೇ ಆಗಿರುವುದಕ್ಕೂ ಇಬ್ಬರೂ ರಕ್ತಸಂಬಂಧಿಗಳಾಗಿರುವುದಕ್ಕೂ ಸಂಬಂಧವಿಲ್ಲ. ಗುಂಪಿಗೆ ತಕ್ಕ ಆಹಾರ, ಗುಂಪಿಗೆ ತಕ್ಕ ಸ್ವಭಾವ ಎಂಬ ಮಾತುಗಳೂ ಅಷ್ಟೇ. ಮದುವೆಗೆ ಮುನ್ನ ಗಮನಿಸಬೇಕಾದ ಒಂದೇ ಜೋಡಣೆ ಎಂದರೆ ಹೆಣ್ಣು ನೆಗೆಟಿವ್, ಗಂಡು ಪಾಸಿಟಿವ್ ಆಗಿರುವುದು. ಅದೂ ಸಂಬಂಧ ಮುರಿಯುವುದಕ್ಕೆ ಕಾರಣವಲ್ಲ; ಗರ್ಭಿಣಿಯಾದಾಗ ಚುಚ್ಚುಮದ್ದು ಮರೆಯದಿರುವುದಕ್ಕೆ ಕಾರಣ.

ಐದನೆಯ ಹಂತ: ಗರ್ಭಿಣಿ ನೆಗೆಟಿವ್ ಆಗಿದ್ದರೆ ಮಾಡಬೇಕಾದದ್ದು

1939ರಲ್ಲಿ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಎಂಬ ಅಮೆರಿಕದ ವೈದ್ಯರು ಒಂದು ಪ್ರಕರಣವನ್ನು ವರದಿ ಮಾಡಿದರು. ಮಗುವನ್ನು ಗರ್ಭದಲ್ಲಿಯೇ ಕಳೆದುಕೊಂಡ ತಾಯಿಯೊಬ್ಬಳಿಗೆ ರಕ್ತ ಬೇಕಾದಾಗ ಎಬಿಒ ಗುಂಪು ಹೊಂದುತ್ತಿದ್ದ ಗಂಡನ ರಕ್ತವನ್ನೇ ಕೊಟ್ಟರು. ಆದರೂ ಆಕೆಗೆ ತೀವ್ರ ಪ್ರತಿಕ್ರಿಯೆಯಾಯಿತು. ಮಗುವಿಗೆ ತಂದೆಯಿಂದ ಬಂದ ಯಾವುದೋ ಪ್ರತಿಜನಕದ ವಿರುದ್ಧ ತಾಯಿಯ ದೇಹದಲ್ಲಿ ಪ್ರತಿಕಾಯ ಹುಟ್ಟಿದೆ, ಅದೇ ಪ್ರತಿಕಾಯ ಗಂಡನ ರಕ್ತವನ್ನೂ ಎದುರಿಸಿದೆ ಎಂದು ಅವರು ತರ್ಕಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ಆರ್‌ಎಚ್ ಅಂಶವನ್ನು ಪ್ರಕಟಿಸಿದಾಗ ಚಿತ್ರ ಪೂರ್ಣವಾಯಿತು.

ನಡೆಯುವುದು ಹೀಗೆ. ನೆಗೆಟಿವ್ ತಾಯಿಯ ಗರ್ಭದಲ್ಲಿ ಪಾಸಿಟಿವ್ ಮಗುವಿದ್ದರೆ, ಮುಖ್ಯವಾಗಿ ಹೆರಿಗೆಯ ವೇಳೆಯಲ್ಲಿ, ಮಗುವಿನ ಸ್ವಲ್ಪ ರಕ್ತ ತಾಯಿಯ ರಕ್ತಕ್ಕೆ ಸೇರುತ್ತದೆ. ತಾಯಿಯ ದೇಹ ನಿಧಾನವಾಗಿ ಡಿ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಅಷ್ಟರಲ್ಲಿ ಮೊದಲ ಮಗು ಹುಟ್ಟಿಯಾಗಿರುವುದರಿಂದ ಸಾಮಾನ್ಯವಾಗಿ ಅದಕ್ಕೆ ತೊಂದರೆಯಾಗುವುದಿಲ್ಲ. ಈ ಪ್ರತಿಕಾಯ ಐಜಿಜಿ ಜಾತಿಯದು. ಎ, ಬಿ ವಿರುದ್ಧದ ಹೆಚ್ಚಿನ ಪ್ರತಿಕಾಯಗಳಂತಲ್ಲದೆ ಇದು ಮಾಸುವನ್ನು ದಾಟಿ ಹೋಗಬಲ್ಲುದು. ಮುಂದಿನ ಮಗುವೂ ಪಾಸಿಟಿವ್ ಆಗಿದ್ದರೆ ತಾಯಿಯ ಪ್ರತಿಕಾಯ ಅದರ ಕೆಂಪುಕಣಗಳನ್ನು ಗರ್ಭದಲ್ಲಿಯೇ ನಾಶಮಾಡತೊಡಗುತ್ತದೆ. ರಕ್ತಹೀನತೆ, ಮೈಯೆಲ್ಲ ಊತ, ಹುಟ್ಟಿದೊಡನೆ ಏರುವ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲಿಯೇ ಸಾವು ಇದರ ಪರಿಣಾಮಗಳು.

ಇದನ್ನು ತಡೆಯುವ ಕ್ರಮ ಹೀಗಿದೆ. ಗರ್ಭ ನಿಂತದ್ದು ತಿಳಿದೊಡನೆ ಎಬಿಒ ಮತ್ತು ಆರ್‌ಎಚ್ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ತಾಯಿ ಕಾರ್ಡ್‌ನಲ್ಲಿ ಬರೆಸಬೇಕು. ಹಿಂದಿನ ಗರ್ಭದ ಕಾರ್ಡ್ ನೋಡಿ ನಕಲು ಮಾಡಿಸಬಾರದು. ನೆಗೆಟಿವ್ ಎಂದು ಬಂದರೆ ಗಂಡನ ಗುಂಪನ್ನೂ ಪರೀಕ್ಷಿಸುತ್ತಾರೆ, ತಾಯಿಗೆ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮಾಡುತ್ತಾರೆ. ವರದಿಯಲ್ಲಿ ಐಸಿಟಿ ಎಂದು ಬರೆದಿರುವುದು ಇದನ್ನೇ. ಅದು ನೆಗೆಟಿವ್ ಬಂದರೆ ಪ್ರತಿಕಾಯ ಇನ್ನೂ ಹುಟ್ಟಿಲ್ಲ ಎಂದರ್ಥ, ತಡೆಯಲು ಅವಕಾಶವಿದೆ. ಸುಮಾರು 28ನೆಯ ವಾರದಲ್ಲಿ ಆ್ಯಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಹೆರಿಗೆಯ ನಂತರ ಮಗುವಿನ ಗುಂಪು ನೋಡಿ, ಅದು ಪಾಸಿಟಿವ್ ಆಗಿದ್ದರೆ 72 ಗಂಟೆಗಳೊಳಗೆ ಮತ್ತೊಂದು. ರೂಢಿಯಲ್ಲಿರುವ 300 ಮೈಕ್ರೋಗ್ರಾಂ ಪ್ರಮಾಣ ತಾಯಿಯ ದೇಹಕ್ಕೆ ಸೇರಿದ ಮಗುವಿನ ಸುಮಾರು 30 ಮಿಲಿಲೀಟರ್ ರಕ್ತವನ್ನು ನಿಭಾಯಿಸಲು ಸಾಕು. ತಾಯಿಯ ದೇಹ ಆ ಕಣಗಳನ್ನು ಗುರುತಿಸಿ ನೆನಪಿಟ್ಟುಕೊಳ್ಳುವ ಮೊದಲೇ ಅವು ಅಲ್ಲಿಂದ ತೆರವಾಗುತ್ತವೆ.

ಇಲ್ಲಿ ಹೆಚ್ಚಾಗಿ ತಪ್ಪುವುದು ಹೆರಿಗೆಯಲ್ಲಿ ಅಲ್ಲ, ಗರ್ಭಪಾತದಲ್ಲಿ. ತಾನಾಗಿ ಆದ ಗರ್ಭಪಾತ, ಮಾಡಿಸಿಕೊಂಡ ಗರ್ಭಪಾತ, ನಳಿಕೆಯಲ್ಲಿ ನಿಂತ ಗರ್ಭ, ಬಿದ್ದು ಹೊಟ್ಟೆಗೆ ಬಿದ್ದ ಪೆಟ್ಟು, ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆ ಇವೆಲ್ಲವೂ ಮಗುವಿನ ರಕ್ತ ತಾಯಿಗೆ ಸೇರುವ ಸಂದರ್ಭಗಳೇ. ಮಾತ್ರೆ ತಂದು ಗುಟ್ಟಾಗಿ ನುಂಗಿ ಮುಗಿಸಿದ ಗರ್ಭದ ವಿಷಯವನ್ನು ಯಾರಿಗೂ ಹೇಳದ ಹೆಣ್ಣುಮಗಳು ವರ್ಷಗಳ ನಂತರ ಬೇಕೆಂದು ಬಸಿರಾದಾಗ ಪ್ರತಿಕಾಯ ಆಗಲೇ ಸಿದ್ಧವಾಗಿರುವುದುಂಟು. ಒಮ್ಮೆ ಪ್ರತಿಕಾಯ ಹುಟ್ಟಿದ ಮೇಲೆ ಈ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲ. ಆದ್ದರಿಂದ ಹಿಂದಿನ ಎಲ್ಲ ಗರ್ಭಗಳ ವಿಷಯವನ್ನು, ಬೇಕಿದ್ದರೆ ಮನೆಯವರನ್ನು ಹೊರಗೆ ಕಳುಹಿಸಿ, ವೈದ್ಯರಿಗೆ ಹೇಳಲೇಬೇಕು.

ಐಸಿಟಿ ಪಾಸಿಟಿವ್ ಬಂದಿದ್ದರೂ ಕೈಚೆಲ್ಲಬೇಕಿಲ್ಲ. ಪ್ರತಿಕಾಯದ ಮಟ್ಟವನ್ನು ಅಳೆಯುತ್ತಾ, ಮಗುವಿನ ಮೆದುಳಿನ ರಕ್ತನಾಳದ ಹರಿವನ್ನು ಡಾಪ್ಲರ್ ಸ್ಕ್ಯಾನ್‌ನಲ್ಲಿ ನೋಡುತ್ತಾ ರಕ್ತಹೀನತೆಯನ್ನು ಅಂದಾಜು ಮಾಡುತ್ತಾರೆ; ಅಗತ್ಯ ಬಿದ್ದರೆ ಗರ್ಭದೊಳಗಿನ ಮಗುವಿಗೇ ರಕ್ತ ಕೊಡುತ್ತಾರೆ. ನ್ಯೂಜಿಲೆಂಡಿನ ವಿಲಿಯಂ ಲೈಲಿ 1963ರಲ್ಲಿ ಇದನ್ನು ಮೊದಲು ಸಾಧಿಸಿದರು. ಇಂತಹ ಗರ್ಭಿಣಿ ಈ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಯಲ್ಲಿ ಮೊದಲಿನಿಂದಲೇ ತೋರಿಸಿಕೊಳ್ಳುವುದು ಕ್ಷೇಮ.

ತಾಯಿ ಒ ಆಗಿದ್ದು ಮಗು ಎ ಅಥವಾ ಬಿ ಆದಾಗಲೂ ಮಗುವಿಗೆ ಕಾಮಾಲೆ ಬರುವುದುಂಟು. ಇದು ಮೊದಲ ಮಗುವಿಗೂ ಬರಬಹುದು, ಆದರೆ ಬಹುಪಾಲು ಸೌಮ್ಯವಾಗಿದ್ದು ನೀಲಿ ಬೆಳಕಿನ ಚಿಕಿತ್ಸೆಗೆ ಇಳಿಯುತ್ತದೆ. ಹುಟ್ಟಿದ 24 ಗಂಟೆಗಳೊಳಗೆ ಮಗು ಹಳದಿಯಾದರೆ ಬಿಸಿಲಿಗೆ ಹಿಡಿಯುತ್ತಾ ಕೂರದೆ ತಕ್ಷಣ ತೋರಿಸಬೇಕು.

ಆರನೆಯ ಹಂತ: ಎಂಟು ಗುಂಪುಗಳಾಚೆಗೂ ಗುಂಪುಗಳಿವೆ ಎಂಬುದನ್ನು ನೆನಪಿಡುವುದು

ಅಂತರರಾಷ್ಟ್ರೀಯ ರಕ್ತ ವರ್ಗಾವಣೆ ಸಂಘ ಇದುವರೆಗೆ 45ಕ್ಕೂ ಹೆಚ್ಚು ರಕ್ತಗುಂಪು ವ್ಯವಸ್ಥೆಗಳನ್ನು ಗುರುತಿಸಿದೆ. ಎಬಿಒ ಮತ್ತು ಆರ್‌ಎಚ್ ಅವುಗಳಲ್ಲಿ ಎರಡು. ಕೆಲ್, ಡಫಿ, ಕಿಡ್ ಮುಂತಾದವು ಸಾಮಾನ್ಯರ ಕಿವಿಗೆ ಬೀಳದ ಹೆಸರುಗಳು, ಆದರೆ ಥಲಸ್ಸೇಮಿಯಾ ಇರುವ ಮಕ್ಕಳಂತೆ ಪದೇ ಪದೇ ರಕ್ತ ಪಡೆಯುವವರ ಮಟ್ಟಿಗೆ ಅವೂ ನಿರ್ಣಾಯಕ.

ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ್ದು ಬಾಂಬೆ ಗುಂಪು. 1952ರಲ್ಲಿ ಮುಂಬೈನಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಈ ಗುಂಪಿನವರಲ್ಲಿ ಎ, ಬಿ ಅಷ್ಟೇ ಅಲ್ಲ, ಅವುಗಳ ತಳಹದಿಯಾದ ಎಚ್ ಕೂಡ ಇಲ್ಲ. ಪ್ಲಾಸ್ಮಾದಲ್ಲಿ ಎಚ್ ವಿರುದ್ಧವೇ ಪ್ರಬಲವಾದ ಪ್ರತಿಕಾಯವಿದೆ. ಎಚ್ ಅತಿ ಹೆಚ್ಚಾಗಿರುವುದು ಒ ಗುಂಪಿನ ಕಣಗಳ ಮೇಲೆ. ಹೀಗಾಗಿ ಎಲ್ಲರಿಗೂ ಸಲ್ಲುತ್ತದೆ ಎನ್ನುವ ಒ ನೆಗೆಟಿವ್ ರಕ್ತ ಕೂಡ ಇವರಿಗೆ ಮಾರಕ. ಬಾಂಬೆ ಗುಂಪಿನ ಮತ್ತೊಬ್ಬರ ರಕ್ತವೇ ಬೇಕು. ಸ್ಲೈಡ್ ಪರೀಕ್ಷೆಯಲ್ಲಿ ಇವರು ಒ ಗುಂಪಿನವರಂತೆಯೇ ಕಾಣುತ್ತಾರೆ. ರಿವರ್ಸ್ ಗ್ರೂಪಿಂಗ್‌ನಲ್ಲಿ ಒ ಕಣಗಳೂ ಗುಂಪುಗೂಡಿದಾಗ ಮಾತ್ರ ನಿಜ ಬಯಲಾಗುತ್ತದೆ. ಅರ್ಧ ಪರೀಕ್ಷೆ ಸಾಲದು ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕಾಗಿಯೇ. ಇಂಥವರು ಎ ಅಥವಾ ಬಿ ವಂಶವಾಹಿಯನ್ನು ಹೊತ್ತಿದ್ದೂ ಅದನ್ನು ಪ್ರಕಟಿಸಲಾರದೆ ಇರಬಹುದಾದ್ದರಿಂದ, ಒ ಎಂದು ಬರೆಸಿಕೊಂಡ ತಂದೆತಾಯಿಗೆ ಎ ಗುಂಪಿನ ಮಗು ಹುಟ್ಟುವ ಒಗಟೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ತಂದೆತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬಂದಾಗ ಮಾತ್ರ ಈ ಗುಂಪು ಉಂಟಾಗುವುದರಿಂದ, ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ಮನೆತನಗಳಲ್ಲಿ ಇದರ ಸಾಧ್ಯತೆ ಹೆಚ್ಚು. ಮನೆಯಲ್ಲಿ ಒಬ್ಬರು ಬಾಂಬೆ ಗುಂಪಿನವರೆಂದು ತಿಳಿದರೆ ಒಡಹುಟ್ಟಿದವರೆಲ್ಲರೂ ಪರೀಕ್ಷಿಸಿಕೊಂಡು ಅಪರೂಪದ ದಾನಿಗಳ ಪಟ್ಟಿಯಲ್ಲಿ ಹೆಸರು ಸೇರಿಸಬೇಕು.

ಇನ್ನೂ ಈಚಿನದು ಕೋಲಾರ ಜಿಲ್ಲೆಯ 38 ವರ್ಷದ ಮಹಿಳೆಯ ಪ್ರಕರಣ. ಹೃದಯದ ಶಸ್ತ್ರಚಿಕಿತ್ಸೆಗೆಂದು ಬಂದ ಆಕೆಯ ಗುಂಪು ಒ ಪಾಸಿಟಿವ್, ಸಾಮಾನ್ಯಕ್ಕಿಂತ ಸಾಮಾನ್ಯವಾದದ್ದು. ಆದರೆ ಇದ್ದ ಯಾವ ಒ ಯೂನಿಟ್ಟೂ ಹೊಂದಲಿಲ್ಲ, ಕುಟುಂಬದ 20 ಮಂದಿಯನ್ನು ಪರೀಕ್ಷಿಸಿದರೂ ಒಬ್ಬರ ರಕ್ತವೂ ಹೊಂದಲಿಲ್ಲ. ರೋಟರಿ ಬೆಂಗಳೂರು ಟಿಟಿಕೆ ರಕ್ತ ಕೇಂದ್ರದವರು ಮಾದರಿಯನ್ನು ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಯೋಗಾಲಯಕ್ಕೆ ಕಳುಹಿಸಿದರು; ಹತ್ತು ತಿಂಗಳ ಅಧ್ಯಯನದ ನಂತರ, ರಕ್ತ ಹೊಂದದಿರುವುದಕ್ಕೆ ಕಾರಣ ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ, ಹಿಂದೆ ಎಲ್ಲಿಯೂ ಕಾಣದ ಪ್ರತಿಜನಕವೆಂದು ಗೊತ್ತಾಯಿತು. 2025ರ ಜೂನ್‌ನಲ್ಲಿ ಮಿಲಾನ್‌ನಲ್ಲಿ ಅದಕ್ಕೆ ‘ಕ್ರಿಬ್’ ಎಂಬ ಹೆಸರು ಘೋಷಣೆಯಾಯಿತು. ಆಕೆಯ ಶಸ್ತ್ರಚಿಕಿತ್ಸೆಯನ್ನು ರಕ್ತ ಏರಿಸದೆಯೇ ನಡೆಸಿದರು. ಗುಂಪು ಹೊಂದಿತು ಎಂದಾಕ್ಷಣ ರಕ್ತ ಹೊಂದಿತು ಎಂದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಏಳನೆಯ ಹಂತ: ರಕ್ತ ಬೇಕೆಂದು ವೈದ್ಯರು ಹೇಳಿದಾಗ

ಅನೇಕ ಊರುಗಳಲ್ಲಿ ರೋಗಿಯ ರಕ್ತದ ಸ್ಯಾಂಪಲ್ ಮತ್ತು ಬೇಡಿಕೆ ಪತ್ರವನ್ನು ರಕ್ತನಿಧಿಗೆ ಒಯ್ಯುವವರು ಮನೆಯವರೇ. ಆದ್ದರಿಂದ ಮನೆಯವರ ಕೈಯಲ್ಲಿ ನಿಜವಾದ ಹೊಣೆ ಇದೆ. ತಪ್ಪು ಗುಂಪಿನ ರಕ್ತ ಏರಿ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ವಿಜ್ಞಾನ ಸೋತು ಆಗುವುದಲ್ಲ, ಹೆಸರು ಅದಲುಬದಲಾಗಿ ಆಗುವುದು. ಒಂದೇ ವಾರ್ಡ್‌ನಲ್ಲಿ ಇಬ್ಬರು ಲಕ್ಷ್ಮಮ್ಮಂದಿರು, ಇಬ್ಬರು ಮಂಜುನಾಥರು ಇರುವುದು ನಮ್ಮಲ್ಲಿ ಅಪರೂಪವೇನಲ್ಲ. ಸ್ಯಾಂಪಲ್ ತೆಗೆದ ಕ್ಷಣವೇ, ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ, ಟ್ಯೂಬ್ ಮೇಲೆ ಪೂರ್ಣ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನು ಬರೆದರೇ ಎಂದು ನೋಡಿ. ಬೇಡಿಕೆ ಪತ್ರದಲ್ಲಿಯೂ ಅದೇ ಕಾಗುಣಿತ, ಅದೇ ಸಂಖ್ಯೆ ಇದೆಯೇ ಎಂದು ಓದಿ. ರಕ್ತನಿಧಿಯವರು ಹೊಂದಿಕೆಯಿಲ್ಲವೆಂದು ಸ್ಯಾಂಪಲ್ ವಾಪಸು ಕಳುಹಿಸಿದರೆ, ಇಲ್ಲವೇ ಎರಡನೆಯ ಸ್ಯಾಂಪಲ್ ಕೇಳಿದರೆ ಸತಾಯಿಸುತ್ತಿದ್ದಾರೆಂದು ಸಿಟ್ಟಾಗಬೇಡಿ; ಆ ಹಟದಿಂದಲೇ ಜೀವಗಳು ಉಳಿದಿವೆ.

ಅಲ್ಲಿ ರೋಗಿಯ ಗುಂಪನ್ನು ಹೊಸದಾಗಿ ಪರೀಕ್ಷಿಸಿ, ರೋಗಿಯ ಪ್ಲಾಸ್ಮಾವನ್ನು ದಾನಿಯ ಕಣಗಳೊಂದಿಗೆ ಬೆರೆಸಿ ಕ್ರಾಸ್ ಮ್ಯಾಚ್ ಮಾಡುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ. ಪೂರ್ವನಿಗದಿತ ಶಸ್ತ್ರಚಿಕಿತ್ಸೆಯಾದರೆ ಹಿಂದಿನ ದಿನವೇ ಸ್ಯಾಂಪಲ್ ತಲುಪಿಸುವುದು ಜಾಣತನ. ಎಲ್ಲಿ ಯಾವ ಗುಂಪಿನ ರಕ್ತ ಲಭ್ಯವಿದೆ ಎಂಬುದನ್ನು ಸರ್ಕಾರದ ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಬಹುದು.

‘ತುರ್ತಾಗಿ ಬಿ ಪಾಸಿಟಿವ್ ಬೇಕು’ ಎಂಬ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತವೆ. ರಕ್ತನಿಧಿಯಲ್ಲಿ ಆ ಗುಂಪು ಇದ್ದು, ಬದಲಿಗೆ ಒಬ್ಬ ದಾನಿಯನ್ನು ಕರೆತನ್ನಿ ಎಂದಷ್ಟೇ ಕೇಳಿದ್ದರೆ ಆ ದಾನಿಯ ಗುಂಪು ರೋಗಿಯದೇ ಆಗಿರಬೇಕಿಲ್ಲ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕವಿರುವ, ಹಿಮೋಗ್ಲೋಬಿನ್ 12.5 ಗ್ರಾಂ ಇರುವ, ಗಂಡಸಾದರೆ ಕಳೆದ 90 ದಿನಗಳಲ್ಲಿ, ಹೆಂಗಸಾದರೆ 120 ದಿನಗಳಲ್ಲಿ ರಕ್ತ ಕೊಟ್ಟಿರದ ಆರೋಗ್ಯವಂತರು ಯಾರಾದರೂ ಸರಿ. ಹಣ ಪಡೆದು ರಕ್ತ ಕೊಡುವವರಿಂದ ರಕ್ತ ತೆಗೆದುಕೊಳ್ಳುವುದು ಸುಪ್ರೀಂ ಕೋರ್ಟ್ ಆದೇಶದ ಮೇರೆಗೆ 1998ರ ಜನವರಿ 1ರಿಂದ ನಿಷಿದ್ಧ. ಹಾಗೆಯೇ, ಮನೆಯವರ ರಕ್ತವೇ ಶ್ರೇಷ್ಠ ಎಂಬ ಭಾವನೆಯೂ ವೈದ್ಯಕೀಯವಾಗಿ ಸರಿಯಲ್ಲ. ಹತ್ತಿರದ ರಕ್ತಸಂಬಂಧಿಯ ಬಿಳಿಕಣಗಳು ರೋಗಿಯ ದೇಹದಲ್ಲಿ ಬೇರೂರಿ ದಾಳಿ ಮಾಡುವ ಅಪರೂಪದ, ಆದರೆ ಮಾರಕವಾದ ಸ್ಥಿತಿಯೊಂದಿದೆ. ಅದನ್ನು ತಪ್ಪಿಸಲು ಅಂತಹ ರಕ್ತಕ್ಕೆ ವಿಕಿರಣ ಹಾಯಿಸಬೇಕಾಗುತ್ತದೆ. ಮುಂದೆ ಮಕ್ಕಳು ಬೇಕೆನ್ನುವ ಹೆಂಡತಿಗೆ ಗಂಡನ ರಕ್ತ ಕೊಡದಿರುವುದು ಲೇಸು. ಅವನ ಪ್ರತಿಜನಕಗಳೇ ನಾಳೆ ಮಗುವಿನಲ್ಲಿ ಕಾಣಿಸಿಕೊಳ್ಳುತ್ತವೆ.

ರಕ್ತದ ಚೀಲವನ್ನು ಐಸ್ ಬಾಕ್ಸ್‌ನಲ್ಲಿ ತಂದು ನೇರವಾಗಿ ವಾರ್ಡ್‌ಗೆ ಒಪ್ಪಿಸಬೇಕು. ದಾರಿಯಲ್ಲಿ ಊಟಕ್ಕೆ ನಿಲ್ಲಿಸುವುದು, ಚೀಲವನ್ನು ಐಸ್‌ಗೆ ನೇರವಾಗಿ ತಾಗಿಸುವುದು, ತಣ್ಣಗಿದೆ ಎಂದು ಬಿಸಿನೀರಿನಲ್ಲಿ ಇಡುವುದು, ಕೊಠಡಿಯ ಸಾಮಾನ್ಯ ಫ್ರಿಜ್‌ನಲ್ಲಿ ಎತ್ತಿಡುವುದು ಯಾವುದೂ ಕೂಡದು. ಕೆಂಪುಕಣಗಳನ್ನು 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಪಾಡಲಾಗಿರುತ್ತದೆ. ಹೊರಗೆ ತೆಗೆದ ಅರ್ಧ ಗಂಟೆಯೊಳಗೆ ಏರಿಸಲು ಆರಂಭಿಸಿ ನಾಲ್ಕು ಗಂಟೆಗಳೊಳಗೆ ಮುಗಿಸಬೇಕು.

ಎಂಟನೆಯ ಹಂತ: ರಕ್ತ ಏರುತ್ತಿರುವಾಗ ಮತ್ತು ಏರಿದ ನಂತರ

ಏರಿಸುವ ಮೊದಲು ಇಬ್ಬರು ಸಿಬ್ಬಂದಿ ಚೀಲದ ಮೇಲಿನ ಹೆಸರು, ಗುಂಪು, ಯೂನಿಟ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕಗಳನ್ನು ರೋಗಿಯ ಕೈಪಟ್ಟಿಯೊಂದಿಗೆ ತಾಳೆ ನೋಡಬೇಕು. ರೋಗಿಗೆ ಎಚ್ಚರವಿದ್ದರೆ ‘ನಿಮ್ಮ ಹೆಸರೇನು’ ಎಂದು ಕೇಳಬೇಕೇ ಹೊರತು ‘ನೀವು ಲಕ್ಷ್ಮಮ್ಮನವರಲ್ಲವೇ’ ಎಂದಲ್ಲ. ನಿದ್ದೆಗಣ್ಣಿನಲ್ಲಿರುವವರು ಯಾವುದಕ್ಕೂ ಹೌದೆನ್ನುತ್ತಾರೆ.

ಮೊದಲ 15 ನಿಮಿಷ ಯಾರಾದರೂ ಪಕ್ಕದಲ್ಲಿಯೇ ಇರಬೇಕು. ಚಳಿ, ನಡುಕ, ಜ್ವರ, ಸೊಂಟದಲ್ಲಿ ನೋವು, ಸೂಜಿ ಇರುವ ನರದುದ್ದಕ್ಕೂ ಉರಿ, ಎದೆ ಬಿಗಿತ, ಉಸಿರಾಟದ ತೊಂದರೆ, ಕೆಂಪು ಅಥವಾ ಕಪ್ಪುಬಣ್ಣದ ಮೂತ್ರ, ಏನೋ ಆಗಬಾರದ್ದು ಆಗುತ್ತಿದೆ ಎಂಬ ರೋಗಿಯ ತಳಮಳ ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ನರ್ಸ್ ಅನ್ನು ಕರೆಯಬೇಕು. ಅವರು ರಕ್ತವನ್ನು ನಿಲ್ಲಿಸಿ, ಸೂಜಿಯನ್ನು ತೆಗೆಯದೆ ಸಲೈನ್ ಹರಿಸುತ್ತಾ ವೈದ್ಯರನ್ನು ಕರೆಸುತ್ತಾರೆ. ಚೀಲವನ್ನು ಎಸೆಯದೆ ಹೊಸ ಸ್ಯಾಂಪಲ್ ಜೊತೆಗೆ ರಕ್ತನಿಧಿಗೆ ಮರಳಿಸುತ್ತಾರೆ. ಮೈ ತುರಿಕೆ ಅಥವಾ ಸಣ್ಣ ಜ್ವರ ಹೆಚ್ಚಿನ ಸಲ ಗುಂಪಿನ ತಪ್ಪಿನಿಂದ ಬಂದಿರುವುದಿಲ್ಲ, ಆದರೆ ಅದನ್ನು ತೀರ್ಮಾನಿಸುವ ಕೆಲಸ ಮನೆಯವರದಲ್ಲ.

ಮನೆಗೆ ಬಂದ ನಂತರವೂ ಎರಡು ವಾರ ಗಮನವಿರಲಿ. ಹಿಂದೆಂದೋ ರಕ್ತ ಪಡೆದಾಗ ಅಥವಾ ಬಸಿರಿನಲ್ಲಿ ಕಿಡ್, ಡಫಿಯಂತಹ ಪ್ರತಿಜನಕಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳು ವರ್ಷಗಳು ಕಳೆದಂತೆ ಕ್ಷೀಣಿಸಿ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗುತ್ತವೆ. ಕ್ರಾಸ್ ಮ್ಯಾಚ್ ಸರಿಯೆಂದೇ ಬರುತ್ತದೆ. ಅದೇ ಪ್ರತಿಜನಕವಿರುವ ರಕ್ತ ಮತ್ತೆ ಸೇರಿದಾಗ ಹಳೆಯ ನೆನಪು ಕೆರಳಿ, ಕೆಲವೇ ದಿನಗಳಲ್ಲಿ ಪ್ರತಿಕಾಯ ಏರಿ, ಏರಿಸಿದ ಕಣಗಳೆಲ್ಲ ಒಡೆಯತೊಡಗುತ್ತವೆ: ಜ್ವರ, ಕಣ್ಣು ಹಳದಿಯಾಗುವುದು, ಹಿಮೋಗ್ಲೋಬಿನ್ ಮತ್ತೆ ಕುಸಿಯುವುದು. ಆದ್ದರಿಂದ ಯಾವ ರಕ್ತನಿಧಿಯಾದರೂ ‘ಇವರಲ್ಲಿ ಇಂತಹ ಪ್ರತಿಕಾಯ ಪತ್ತೆಯಾಗಿದೆ’ ಎಂದು ಪತ್ರ ಕೊಟ್ಟಿದ್ದರೆ ಅದನ್ನು ಜೀವಮಾನವಿಡೀ ಕಾಪಾಡಿ, ಮೊಬೈಲ್‌ನಲ್ಲಿ ಅದರ ಚಿತ್ರವನ್ನೂ ಇಟ್ಟುಕೊಂಡು, ಮುಂದೆ ಯಾವ ಆಸ್ಪತ್ರೆಗೆ ಸೇರಿದರೂ ಸ್ಯಾಂಪಲ್ ಜೊತೆಗೆ ತೋರಿಸಬೇಕು. ಹೊಸ ಪರೀಕ್ಷೆಯಲ್ಲಿ ಆ ಪ್ರತಿಕಾಯ ಕಾಣದಿದ್ದರೂ ಆ ಪ್ರತಿಜನಕವಿಲ್ಲದ ರಕ್ತವನ್ನೇ ರಕ್ತನಿಧಿಯವರು ಹುಡುಕಿ ಕೊಡುತ್ತಾರೆ.